ಪಥ್ಯ ಮುರಿದವಳು

ಎಡ ಎದೆಯಲ್ಲಿದ್ದ ಗಂಟು ನೋಯುತ್ತಿರಲಿಲ್ಲ. ನೋಯದ್ದಕ್ಕೆ ಯಾರು ಆಸ್ಪತ್ರೆಗೆ ಹೋಗುತ್ತಾರೆ? ಬನಹಟ್ಟಿಯ ನಮ್ಮ ಮನೆಯಲ್ಲಿ ಜ್ವರ ಬಂದವರೂ ಎದ್ದು ಮಗ್ಗದ ಕೆಲಸ ಮಾಡುತ್ತಿದ್ದರು. ಕಂಡಿಕೆಗೆ ನೂಲು ಸುತ್ತುವಾಗ ಕೈ ಎತ್ತಲು ಆಗದಂತಾದ ಮೇಲೆ ಮಿರಜಿನ ಆಸ್ಪತ್ರೆಗೆ ಹೋದೆವು.

ಬಯಾಪ್ಸಿ ಆಯಿತು. ಕ್ಯಾನ್ಸರ್ ಅಂದರು.

ಎದೆ ತೆಗೆದರು.

ಇದನ್ನು ಹೀಗೆ ಎರಡು ಶಬ್ದದಲ್ಲಿ ಹೇಳಲು ನನಗೆ ಬಹಳ ಕಾಲ ಹಿಡಿಯಿತು.

ಕೀಮೋ ಮುಗಿದ ಮೇಲೆ ರೇಡಿಯೇಶನ್. ನಮ್ಮ ಕಡೆ ಅದಕ್ಕೆ ಕರೆಂಟ್ ಕೊಡುವುದು ಎನ್ನುತ್ತಾರೆ. ಎದೆ ಇದ್ದ ಜಾಗದಲ್ಲಿ ನೇರಳೆ ಇಂಕಿನ ಗೆರೆ ಹಾಕಿದರು. ದಿನಾ ಬಸ್ಸಿನಲ್ಲಿ ಹೋಗಿ, ಮಶೀನಿನ ಕೆಳಗೆ ಸ್ವಲ್ಪ ಹೊತ್ತು ಮಲಗಿ, ಮತ್ತೆ ಬಸ್ಸು ಹಿಡಿದು ಬರುವುದು. ನಮ್ಮ ಮನೆಯವರು ಜೊತೆಗೆ ಬರುತ್ತಿದ್ದರು. ಆ ಕೋಣೆಯಲ್ಲಿ ಏನೂ ಸುಡುತ್ತಿರಲಿಲ್ಲ. ಆದರೆ ಹೊರಗೆ ಸಾಲಿನಲ್ಲಿ ಕೂತವರ ಕುತ್ತಿಗೆ, ಗದ್ದ ಕಪ್ಪಾಗಿ ಸುಲಿದಿದ್ದನ್ನು ನಾವಿಬ್ಬರೂ ನೋಡುತ್ತಿದ್ದೆವು. ಮನೆಗೆ ಬಂದು ಅವರು ಅದನ್ನು ನಮ್ಮ ಅತ್ತೆಗೆ ಹೇಳಿದರು.

ಅತ್ತೆ ಮುಧೋಳದ ಆಚೆಯ ಒಬ್ಬ ವೈದ್ಯನಲ್ಲಿಗೆ ಹೋಗಿ ಬಾಟಲಿ ತಂದರು. ಹಸಿರು ಎಣ್ಣೆ. ಹಚ್ಚಿದರೆ ಕರೆಂಟ್ ತೊಗಲನ್ನು ಸುಡುವುದಿಲ್ಲವಂತೆ. ಹುಳಿ, ಬದನೆ, ಕರಿದದ್ದು ತಿನ್ನಬಾರದು.

"ಡಾಕ್ಟರ್ ಏನೂ ಹಚ್ಚಬ್ಯಾಡ ಅಂದಾರ್ರಿ ಅತ್ತಿ," ಅಂದೆ.

"ಸುಟ್ಟ ಮ್ಯಾಲ ಡಾಕ್ಟರ್ ಬಂದು ನಿನ್ನ ಸಂಡಾಸಕ್ಕ ಎಬ್ಬಸ್ತಾನೇನ ಬೇ? ಹಚ್ಚು."

ನಮ್ಮ ಮನೆಯವರೂ ಹಚ್ಚು ಅಂದರು. ಸುಲಿದ ಆ ಕುತ್ತಿಗೆಗಳು ನನ್ನ ಕಣ್ಣ ಮುಂದೆಯೂ ಇದ್ದವು. ಹಚ್ಚಿಕೊಂಡೆ. ಎಣ್ಣೆಗೆ ಇಂಕು ಅಳಿಸಿಹೋದಾಗ ಮಶೀನಿನವನು ಗೊಣಗುತ್ತ ಮತ್ತೆ ಗೆರೆ ಎಳೆದ.

ಮೊದಲ ಕೆಲವು ವಾರ ತೊಗಲು ಚೆನ್ನಾಗಿಯೇ ಇತ್ತು. ಅತ್ತೆಗೆ ಹಿಗ್ಗು. ಓಣಿಯ ಹೆಂಗಸರನ್ನು ಕರೆತಂದು, "ಸೆರಗ ಸರಸು, ನೋಡ್ಲಿ" ಎನ್ನುತ್ತಿದ್ದರು. ಸರಿಸುತ್ತಿದ್ದೆ. ಅವರು ನೋಡುತ್ತಿದ್ದದ್ದು ತೊಗಲನ್ನಲ್ಲ, ಅಲ್ಲಿ ಇಲ್ಲದ್ದನ್ನು.

ಆಮೇಲೆ ತೊಗಲು ಒಡೆಯಿತು.

ಕಂಕುಳಲ್ಲಿ ಶುರುವಾಯಿತು. ಕೆಂಪು, ಗುಳ್ಳೆ, ನೀರು. ರವಿಕೆ ಅಂಟಿಕೊಂಡು, ಬಿಚ್ಚುವಾಗ ತೊಗಲೂ ಬಟ್ಟೆಯ ಜೊತೆ ಬರುತ್ತಿತ್ತು. ಬಸ್ಸಿನಲ್ಲಿ ಕೈ ಎತ್ತಿ ಸರಳು ಹಿಡಿಯಲಾರೆ, ಇಳಿಬಿಟ್ಟರೆ ಹಸಿ ಮಾಂಸಕ್ಕೆ ಹಸಿ ಮಾಂಸ ತಿಕ್ಕುತ್ತಿತ್ತು. ಸೊಂಟದ ಮೇಲೆ ಕೈಯಿಟ್ಟು ನಿಂತರೆ ಪಕ್ಕದವರು, "ಸರದು ನಿಲ್ರಿ, ಜಾಗಾ ಎಲ್ಲಾ ನೀವ ಹಿಡದೀರಿ" ಎಂದು ದೂಡಿದರು.

ಡಾಕ್ಟರ್ ನೋಡಿದವರೇ ಕೇಳಿದರು, "ಏನ್ ಹಚ್ಚೀರಿ?"

ಬಾಟಲಿ ತೆಗೆದು ಕೊಟ್ಟೆ. ಮೂಸಿ ನೋಡಿದರು.

"ಇದರಾಗ ಏನೇನೈತಿ?"

"ವೈದ್ಯರು ಹೇಳಂಗಿಲ್ರಿ."

ಅವರು ಬೈಯಲಿಲ್ಲ. "ಲೋಳಸರ, ಅರಿಷಿಣ ಅಂಥಾವ್ರ ಮ್ಯಾಲ ಸಂಶೋಧನಾ ನಡದಾವು. ಕೆಲವರಿಗೆ ತಂಪ ಅನಸ್ತೈತಿ. ಆದ್ರ ಇದು ಏನಂತ ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಎಣ್ಣಿ ಹಚ್ಚದಿದ್ರೂ ತೊಗಲು ಸ್ವಲ್ಪ ಸುಡತಿತ್ತು. ಇಷ್ಟು ಆಗತಿರಲಿಲ್ಲೇನೋ."

ಕರೆಂಟ್ ನಿಲ್ಲಿಸಿದರು. ಮುಲಾಮು, ಡ್ರೆಸಿಂಗ್ ಬರೆದುಕೊಟ್ಟರು. ಗಾಯ ಆರುತ್ತಲೇ ತಿರುಗಿ ಬರಬೇಕು, ನಡುವೆ ಬಿಟ್ಟರೆ ರೋಗ ತಿರುಗಿ ಬರಬಹುದು ಎಂದರು.

ಅತ್ತೆ ಮತ್ತೆ ವೈದ್ಯನಲ್ಲಿಗೆ ಹೋಗಿ ಬಂದು ಬಾಗಿಲಲ್ಲೇ ನಿಂತು ಹೇಳಿದರು, "ಪಥ್ಯ ಮುರದಾಳಂತ."

ಅಂದಿನಿಂದ ನನ್ನ ಹಾಸಿಗೆ ನೂಲಿನ ಗಂಟುಗಳನ್ನು ಇಡುವ ಕೋಣೆಗೆ ಹೋಯಿತು. ಊಟದ ತಾಟು ಬೇರೆಯಾಯಿತು. ನಾನು ಹಾದುಹೋದರೆ ಅತ್ತೆ ಸೆರಗಿನಿಂದ ಮೂಗು ಮುಚ್ಚುತ್ತಿದ್ದರು. ವಾಸನೆ ಇತ್ತು, ಸುಳ್ಳಲ್ಲ. ನನಗೂ ಬರುತ್ತಿತ್ತು. ಆದರೆ ನಾನು ಮೂಗು ಮುಚ್ಚಿಕೊಂಡು ಎಲ್ಲಿಗೆ ಹೋಗಲಿ?

ಒಂದು ಮಧ್ಯಾಹ್ನ ನಮ್ಮ ಮನೆಯವರು ಹೊಸ ಬಾಟಲಿ ಹಿಡಿದು ಬಂದು ಎದುರಿಗೆ ಕೂತರು.

"ಖರೆ ಹೇಳು. ಏನ್ ತಿಂದಿ?"

ಬಾಯಲ್ಲಿ ಇನ್ನೂ ಕೀಮೋದ ಹುಣ್ಣು. ಹಾಲು-ನುಚ್ಚು ಬಿಟ್ಟು ಏನೂ ಇಳಿಯುತ್ತಿರಲಿಲ್ಲ. ಆ ನುಚ್ಚನ್ನು ಎಷ್ಟೋ ಸಲ ಅವರೇ ಕಲಸಿ ಕೊಟ್ಟಿದ್ದರು. ಕೇಳಿದ ದನಿ ಸಿಟ್ಟಿನದಲ್ಲ, ಆಸೆಯದು. ನಾನು ಏನೋ ತಿಂದಿದ್ದೆ ಅಂದಿದ್ದರೆ ಎಲ್ಲಕ್ಕೂ ಒಂದು ಕಾರಣ ಸಿಕ್ಕಂತಾಗಿ ಅವರ ಮನಸ್ಸು ಹಗುರಾಗುತ್ತಿತ್ತೇನೋ. ಅಷ್ಟನ್ನೂ ನನ್ನಿಂದ ಕೊಡಲಾಗಲಿಲ್ಲ.

"ಏನೂ ತಿಂದಿಲ್ರಿ," ಅಂದೆ. ಬಾಟಲಿ ಮುಟ್ಟಲಿಲ್ಲ.

ಗಾಯ ಒಣಗತೊಡಗಿದಾಗ ಮಿರಜಿಗೆ ಹೊರಟೆ. "ಮತ್ತ ಸುಡಿಸ್ಕೊಳ್ಳಾಕ ಹೊಂಟಿ?" ಎಂದರು ನಮ್ಮ ಮನೆಯವರು. ಜೊತೆಗೆ ಬರಲಿಲ್ಲ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳುವಾಗ, ಒಬ್ಬಳೇ ಕೂತು ಅಳುತ್ತಿದ್ದೆ. ನೋವಿಗೋ, ಒಬ್ಬಳೇ ಇದ್ದುದಕ್ಕೋ, ಗೊತ್ತಿಲ್ಲ. ಉಳಿದ ಕರೆಂಟನ್ನೆಲ್ಲ ಹಾಗೇ ಮುಗಿಸಿದೆ.

ಕರೆಂಟ್ ಮುಗಿದು ಇನ್ನೂ ವರ್ಷವಾಗಿಲ್ಲ. ಮೊನ್ನೆ ಚೆಕಪ್‌ನಲ್ಲಿ ಡಾಕ್ಟರ್, "ಸದ್ಯಕ್ಕ ಛಲೋ ಐತಿ" ಅಂದರು. ಸದ್ಯಕ್ಕೆ ಎಂಬ ಮಾತು ಮೊದಲು ಹೆದರಿಸುತ್ತಿತ್ತು. ಈಗ ಅಷ್ಟಾದರೂ ಇದೆಯಲ್ಲ ಅನಿಸುತ್ತದೆ. ಹಾಸಿಗೆ ಒಳಗೆ ಬಂದಿದೆ.

ಸೊಸೆ ಉಳಿದದ್ದು ಹಸಿರೆಣ್ಣೆಯಿಂದ ಎಂದು ಅತ್ತೆ ಊರೆಲ್ಲ ಹೇಳಿಕೊಂಡು ಬಂದಿದ್ದಾರೆ. ಅದನ್ನು ನಂಬಿ ಮನೆಗೆ ಬರುವವರಿದ್ದಾರೆ.

ಕಳೆದ ವಾರ ಹುನ್ನೂರಿನಿಂದ ಗಂಡ ಹೆಂಡತಿ ಬಂದರು. ಅವಳ ಹೆಸರು ಮಹಾದೇವಿ. ನನ್ನದೇ ರೋಗ, ಕರೆಂಟ್ ಇನ್ನು ಶುರುವಾಗಬೇಕಿತ್ತು. ಅತ್ತೆ ಪಡಸಾಲೆಯಲ್ಲಿ ಗಂಡನನ್ನು ಕೂಡಿಸಿಕೊಂಡು ವೈದ್ಯನ ಊರಿಗೆ ದಾರಿ ಹೇಳತೊಡಗಿದರು. ನಾನು ಮಹಾದೇವಿಯನ್ನು ಒಳಗೆ ಕರೆದು ಬಾಗಿಲು ಹಾಕಿದೆ. ಈ ಸಲ ಯಾರೂ ಹೇಳದೆ ನಾನೇ ಸೆರಗು ಸರಿಸಿ, ರವಿಕೆಯ ಗುಂಡಿ ಬಿಚ್ಚಿದೆ. ನಡೆದದ್ದೆಲ್ಲ ಹೇಳಿದೆ.

ಕಪ್ಪಗೆ, ದಪ್ಪಗೆ, ಅಲ್ಲಲ್ಲಿ ಬಿಳಿಯ ಮಚ್ಚೆ ಬಿದ್ದ ತೊಗಲನ್ನು ಅವಳು ಬಹಳ ಹೊತ್ತು ನೋಡಿದಳು.

"ಭಾಳ ಉರಿತೈತೇನ್ರಿ ಅಕ್ಕಾರ?"

"ಉರಿತೈತಿ. ಆಮ್ಯಾಲ ಆರತೈತಿ."

"ಮುಟ್ಟಲೇನ್ರಿ?"

ಡಾಕ್ಟರ್, ನರ್ಸ್ ಬಿಟ್ಟರೆ ಅಲ್ಲಿಯವರೆಗೆ ಯಾರೂ ಅದನ್ನು ಮುಟ್ಟಿರಲಿಲ್ಲ. ನಮ್ಮ ಮನೆಯವರೂ ಸಹ.

ಹೂಂ ಅಂದೆ. ಅವಳ ಕೈ ತಣ್ಣಗಿತ್ತು.