ಹಲಗೂರು ಸಂತೆಗೆ ಬಂದ ಸಮುದ್ರದ ಎಣ್ಣೆ

ಚಿಕ್ಕತಾಯಮ್ಮನ ಒಣಮೀನಿಗೆ ಸಮುದ್ರದ ಎಣ್ಣೆ ಹತ್ತಿದೆ ಎಂದು ಹಲಗೂರು ಸಂತೆಯ ನಡುವೆ ನಿಂತು ಕೂಗಿದವಳು ನಾನು. ಹತ್ತಿರಲಿಲ್ಲ. ಹತ್ತಿರಲಿಲ್ಲವೆಂದು ಮುಂದಿನ ಸಂತೆಗೆ ಮೊದಲೇ ನನಗೆ ಗೊತ್ತಾಯಿತು. ಗೊತ್ತಾದ ಮೇಲೂ ಬಾಯಿ ಬಿಡಲಿಲ್ಲ — ಇಷ್ಟೂ ವರ್ಷ.

ಆ ದಿನಗಳಲ್ಲಿ ಏನೇನು ಆಗಬಹುದೆಂದು ನಾನು ಹೆದರಿದ್ದೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಪಶ್ಚಿಮದ ಕಡಲಿನಲ್ಲಿ ಒಂದು ಹಡಗು ಮುಳುಗಿತ್ತು. ಅದರೊಳಗಿನ ಎಣ್ಣೆ ನೀರಿನ ಮೇಲೆ ಹರಡುತ್ತಿದೆ ಎಂದು ಟೀವಿಯಲ್ಲಿ ಬೆಳಗಿನಿಂದ ಸಂಜೆಯವರೆಗೂ ತೋರಿಸುತ್ತಿದ್ದರು. ಮೀನುಗಳು ಸಾಯಬಹುದು. ಆ ಮೀನು ತಿಂದ ಹಕ್ಕಿಗಳು ಸಾಯಬಹುದು. ಆಮೆಗಳು ಮೊಟ್ಟೆಯಿಡುವ ಮರಳು ಟಾರಿನಂತೆ ಅಂಟಿಕೊಳ್ಳಬಹುದು. ಕಡಲ ನೀರಿನ ಉಪ್ಪಿಗೆ ಎಣ್ಣೆ ಸೇರಿ, ಆ ಉಪ್ಪು ನಮ್ಮ ಮನೆಯ ಉಪ್ಪಿನಕಾಯಿ ಜಾಡಿಗೆ ಬೀಳಬಹುದು. ಎಣ್ಣೆ ಆವಿಯಾಗಿ, ಮೋಡವಾಗಿ, ಘಟ್ಟ ಹತ್ತಿ ಬಂದು ಮದ್ದೂರಿನ ಕಬ್ಬಿನ ಗದ್ದೆಗಳ ಮೇಲೆ ಸುರಿಯಬಹುದು. ಆಮೇಲೆ — ಇದನ್ನು ಬರೆಯಲು ನಾಚಿಕೆಯಾಗುತ್ತದೆ — ಎಣ್ಣೆ ನದಿಯೊಳಗೆ ಹಿಮ್ಮುಖವಾಗಿ ಹತ್ತಿಕೊಂಡು ನಮ್ಮ ಶಿಂಷಾ ಹೊಳೆಯವರೆಗೂ ಬಂದುಬಿಟ್ಟರೆ?

“ನದಿ ಸಮುದ್ರುಕ್ಕೋಯ್ತದೆ ಕಣೇ, ಸಮುದ್ರ ನದೀಗ್ ಬರಾಕಿಲ್ಲ” ಎಂದರು ನಮ್ಮ ಮನೆಯವರು. “ಅದೂ ನಮ್ ಒಳೆ ಓಗೋದು ಆ ಕಡೆ ಸಮುದ್ರುಕ್ಕೆ. ಅಡಗು ಮುಳುಗಿರೋದು ಈ ಕಡೆ. ಮಕ್ಳಿಗೆ ಅದೇನ್ ಪಾಠ ಮಾಡ್ತೀಯೋ, ದೇವ್ರೇ ಬಲ್ಲ.”

ನಾನು ಹೈಸ್ಕೂಲಿನ ವಿಜ್ಞಾನದ ಟೀಚರ್. ನದಿ ಯಾವ ಕಡೆ ಹರಿಯುತ್ತದೆಂದು ನನಗೂ ಗೊತ್ತು. ಆದರೆ ನನ್ನ ತಲೆಯಲ್ಲಿ ವಿಜ್ಞಾನಕ್ಕೂ ಚಿಂತೆಗೂ ಬೇರೆ ಬೇರೆ ಕೋಣೆಗಳಿವೆ, ನಡುವೆ ಬಾಗಿಲಿಲ್ಲ. ಮನೆಗೆ ಬೀಗ ಹಾಕಿ, ಬಸ್ ಸ್ಟಾಂಡಿನವರೆಗೆ ಹೋಗಿ, ಮತ್ತೆ ಬಂದು ಬೀಗ ಜಗ್ಗಿ ನೋಡುವ ಹೆಂಗಸು ನಾನು. ಅಂಥವಳಿಗೆ ಒಂದು ಸಮುದ್ರವನ್ನೇ ಚಿಂತೆ ಮಾಡಲು ಕೊಟ್ಟರೆ ಏನಾಗಬೇಕು?

ಬರೀ ಹೆದರಿಕೆ ಎಂದರೂ ಸುಳ್ಳಾಗುತ್ತದೆ. ಕುತೂಹಲವಿತ್ತು — ವಿಪರೀತ. ಊಟದ ತಟ್ಟೆಯಲ್ಲಿ ನೀರು ತುಂಬಿ, ಸ್ಕೂಟರಿನ ಆಯಿಲ್ ಒಂದು ಹನಿ ಬಿಟ್ಟು ನೋಡುತ್ತ ಕೂತಿದ್ದೆ. ಆ ಹನಿ ಒಮ್ಮೆಲೇ ಅಗಲವಾಗಿ, ನವಿಲುಗರಿಯ ಬಣ್ಣವಾಗಿ, ತಟ್ಟೆಯ ಅಂಚನ್ನು ಮುಟ್ಟಿತು. ಎಷ್ಟು ತೆಳ್ಳಗೆ! ಇನ್ನೂ ದೊಡ್ಡ ತಟ್ಟೆಯಾದರೆ ಇನ್ನೂ ಹರಡುತ್ತದೆಯೇ? ಎಲ್ಲಿಯವರೆಗೆ? “ತಟ್ಟೇಲಿ ಸಮುದ್ರ ಮಾಡ್ಕೊಂಡ್ ಕುಂತವ್ಳೆ, ನಾನು ಮುದ್ದೇನ ಯಾತರಲ್ಲಿ ಉಣ್ಲಿ?” ಎಂದು ಅವರು ಗೊಣಗಿದ್ದು ಕೇಳಿಸಿತ್ತು. ನಿಜವಾದ ಸಮುದ್ರವನ್ನು ನಾನು ನೋಡಿದ್ದು ಒಂದೇ ಸಲ, ಶಾಲೆಯ ಪ್ರವಾಸದಲ್ಲಿ. ಆಗಲೂ ಅಲೆ ನೋಡುವ ಬದಲು ಮಕ್ಕಳ ತಲೆ ಎಣಿಸುತ್ತ ನಿಂತಿದ್ದೆ.

ಇನ್ನು ಚಿಕ್ಕತಾಯಮ್ಮ. ನಿಡಘಟ್ಟದ ಹತ್ತಿರದ ಹಳ್ಳಿಯವಳು. ಹಲಗೂರು, ಆತಗೂರು, ಮದ್ದೂರು ಎಂದು ಸಂತೆಯಿಂದ ಸಂತೆಗೆ ಒಣಮೀನು, ಸೀಗಡಿ ಹೊತ್ತು ತಿರುಗುತ್ತಿದ್ದಳು. ಅವಳ ತಾಯಿಯೂ ನಮ್ಮ ಸಂತೆಯ ಹುಣಸೆಮರದ ಕೆಳಗೆ, ಅದೇ ಜಾಗದಲ್ಲಿ, ಮೀನಿನ ಗುಡ್ಡೆ ಹಾಕಿಕೊಂಡು ಕೂರುತ್ತಿದ್ದಳಂತೆ. ಗುಡ್ಡೆಯನ್ನು ಕಾಗದಕ್ಕೆ ಸುರಿದ ಮೇಲೆ ಕೊಸರು ಎಂದು ಒಂದು ಹಿಡಿ ಸೀಗಡಿ ಸೇರಿಸದೆ ಅವಳು ಯಾರನ್ನೂ ಕಳಿಸಿದ್ದಿಲ್ಲ. “ಬದ್ನೇಕಾಯ್ ಜೊತೇಲ್ ಬುಡಿ ಟೀಚರಮ್ಮ. ನಿಮ್ ಯಜಮಾನ್ರು ಇನ್ನೊಂದ್ ಮುದ್ದೆ ಕೇಳ್ನಿಲ್ಲ ಅಂದ್ರೆ ನನ್ ಎಸ್ರು ಬದ್ಲಾಯ್ಸಿ!”

ಆ ಸಂತೆಯ ದಿನ ಶಾಲೆಗೆ ರಜೆ. ಮೀನು ಕಟ್ಟಿಸಿಕೊಳ್ಳುತ್ತ ಕೇಳಿದೆ, ಸಮುದ್ರಕ್ಕೆ ಎಣ್ಣೆ ಬಿದ್ದಿದೆಯಂತಲ್ಲ, ನಿನಗೆ ಭಯವಿಲ್ಲವಾ ಎಂದು. ಅವಳು ನಕ್ಕಳು.

“ನಾನೆಲ್ಲವ್ವ ಸಮುದ್ರ ಕಂಡಿವ್ನಿ? ಮೀನು ಲಾರೀಲ್ ಬತ್ತದೆ, ಮದ್ದೂರಲ್ಲಿ ಇಳಿಸ್ಕತೀನಿ, ಅಷ್ಟೇಯ. ಅದ್ ಸರಿ, ಎಂಗಿರ್ತದೆ ಸಮುದ್ರ? ನಮ್ಮೂರ್ ಕೆರೆ ಕೋಡಿ ಬಿದ್ದಾಗ ಇರ್ತದಲ್ಲ, ಅಂಗಾ?”

ನಾನು ಅಲ್ಲೇ ನಿಂತು ಅವಳಿಗೆ ಸಮುದ್ರವನ್ನು ವರ್ಣಿಸಿದೆ — ಪೂರ್ತಿ ನೋಡದ ಸಮುದ್ರವನ್ನು. ಅವಳು ಗಿರಾಕಿಗಳನ್ನು ಮರೆತು ಕೇಳಿದಳು. ನಂತರ ನಾನು ಪೊಟ್ಟಣವನ್ನು ಬಟ್ಟೆಚೀಲಕ್ಕೆ ಹಾಕಿ ಸ್ಕೂಟರಿಗೆ ನೇತುಹಾಕಿಕೊಂಡೆ. ದಾರಿಯಲ್ಲಿ ತಮ್ಮನ ಆಲೆಮನೆಗೆ ಹೋಗಿ, ಬೆಲ್ಲದ ಕೆಲಸದಲ್ಲಿದ್ದ ಅವನಿಗೆ ಬೇಕೆಂದಿದ್ದ ಸಾಮಾನು ಕೊಟ್ಟು, ಮನೆಗೆ ಬಂದು ಪೊಟ್ಟಣ ಬಿಚ್ಚಿದೆ.

ಎಣ್ಣೆಯ ನಾತ.

ಅದೇ ವಾಸನೆ — ಟೀವಿಯಲ್ಲಿ ನೋಡಿದ್ದೆನಲ್ಲ, ಅದೇ ವಾಸನೆ! ಟೀವಿಯಲ್ಲಿ ವಾಸನೆ ಕಾಣುವುದಿಲ್ಲ ಎಂದು ಈಗ ನಗು ಬರುತ್ತದೆ. ಆಗ ಬರಲಿಲ್ಲ. ಆಗ ನನಗೆ ಏನನ್ನಿಸಿತು ಗೊತ್ತೇ? ಹೆದರಿಕೆಗಿಂತ ಮೊದಲು ಒಂದು ಖುಷಿ. ನಾನು ಹೇಳಿದ್ದೇ ಆಯಿತಲ್ಲ, ಎಂಬ ಖುಷಿ. ಜೀವಮಾನವೆಲ್ಲ ಆಗದೇ ಹೋದ ಅನಾಹುತಗಳಿಗೆ ಹೆದರಿದವಳಿಗೆ ಕೊನೆಗೂ ಒಂದು ಅನಾಹುತ ಮನೆಗೇ ಬಂದಿತ್ತು.

ಪೊಟ್ಟಣ ಹಿಡಿದು ಸಂತೆಗೆ ವಾಪಸು ಹೋದೆ. ಸಂತೆ ಇನ್ನೂ ತುಂಬಿತ್ತು. ಮೀನಿನ ತುಂಡುಗಳನ್ನು ಕೈಗೆ ಸಿಕ್ಕವರಿಗೆಲ್ಲ ಕೊಟ್ಟೆ — “ಮೂಸಿ ನೋಡಿ. ನೀವೇ ಮೂಸಿ ನೋಡಿ.” ಮೀನು ಕೈಯಿಂದ ಕೈಗೆ, ಮೂಗಿನಿಂದ ಮೂಗಿಗೆ ಹೋಯಿತು.

“ಅಯ್ಯಯ್ಯೋ, ಊಂ ಕಣ್ಲಾ! ಎಣ್ಣೆ ಗಬ್ ಅಂತದೆ!”

“ಟೀಚರಮ್ಮ ಯೋಳ್ತಾವ್ರೆ ಅಂದ್ರೆ ಸುಮ್ಕೆ ಅಲ್ಲ ಬುಡು.”

“ನನ್ ಗುಡ್ಡೇಲಿರೋದ್ ಮೂಸ್ನೋಡ್ರಪ್ಪಾ!” ಚಿಕ್ಕತಾಯಮ್ಮ ಎದ್ದು ನಿಂತಿದ್ದಳು. “ಇಲ್ಲಿರೋದ್ ಮೂಸಿ, ಇಲ್ಲಿರೋದು!”

ಮೂಸಿದರು. ಎಣ್ಣೆ ಹತ್ತಿದ ಅದೇ ಬೆರಳುಗಳಿಂದ ಅವಳ ಗುಡ್ಡೆಯ ಮೀನು ಎತ್ತಿ ಮೂಸಿದರು. ಅದೂ ನಾರಿತು. ಎರಡು ತಟ್ಟೆ ಪಕ್ಕಪಕ್ಕ ಇಟ್ಟು ಹೋಲಿಸದೆ ಏನನ್ನೂ ನಂಬಬೇಡಿ ಎಂದು ಮಕ್ಕಳಿಗೆ ಕಲಿಸುವ ನಾನು ಅವಳ ಗುಡ್ಡೆಯ ಕಡೆ ಬಗ್ಗಲೂ ಇಲ್ಲ. ಬದಲಿಗೆ ತರಗತಿಯ ದನಿಯಲ್ಲಿ ಹೇಳಿದೆ:

“ಸಮುದ್ರದ ಎಣ್ಣೆ ಬಂದಿದೆ. ಇವಳ ಹತ್ತಿರ ಮೀನು ತಗೋಬೇಡಿ.”

ಯಾರೋ ಫೋನಿನಲ್ಲಿ ಅದನ್ನು ಹಿಡಿದುಕೊಂಡರು. ಚಿಕ್ಕತಾಯಮ್ಮ ಆತಗೂರಿಗೆ, ಮದ್ದೂರಿಗೆ ಹೋಗುವಷ್ಟರಲ್ಲಿ ನನ್ನ ಮಾತು ಅವಳಿಗಿಂತ ಮುಂಚೆ ಅಲ್ಲಿ ಹೋಗಿ ಕೂತಿತ್ತು.

ಎರಡು ಮೂರು ದಿನ ಬಿಟ್ಟು ಅದೇ ಬಟ್ಟೆಚೀಲದಲ್ಲಿ ಬದನೆಕಾಯಿ ತಂದೆ. ಹೆಚ್ಚಲು ಕೂತರೆ ಬದನೆಕಾಯಿಯೂ ಎಣ್ಣೆ ನಾರುತ್ತಿದೆ. ಕೈಯಲ್ಲಿ ಚಾಕು ಹಿಡಿದು ಬಹಳ ಹೊತ್ತು ಯೋಚಿಸಿದೆ. ಬದನೆಕಾಯಿ ಸಮುದ್ರದಲ್ಲಿ ಬೆಳೆಯುವುದಿಲ್ಲವಲ್ಲ... ಚೀಲದೊಳಗೆ ಮೂಗು ಇಟ್ಟೆ. ಆಗ ನೆನಪಾಯಿತು — ಸಂತೆಯಿಂದ ಹೊರಟು ಬಂಕಿನಲ್ಲಿ ನಿಂತಿದ್ದು, ತಮ್ಮನ ಆಲೆಮನೆ ಇಂಜಿನ್ನಿಗೆ ಪ್ಲಾಸ್ಟಿಕ್ ಬಾಟಲಿಯಲ್ಲಿ ಡೀಸೆಲ್ ಹಾಕಿಸಿದ್ದು, ಅದನ್ನು ಮೀನಿನ ಪಕ್ಕದಲ್ಲೇ ತುರುಕಿದ್ದು. ತಮ್ಮನೂ ಬಾಟಲಿ ಇಸಿದುಕೊಳ್ಳುವಾಗ “ಮುಚ್ಚಳ ಸೊಟ್ಟಕ್ಕೆ ಕೂತದೆ ಕಣಕ್ಕಾ” ಎಂದಿದ್ದ. ಬೀಗವನ್ನು ಮರಳಿ ಬಂದು ಜಗ್ಗುವವಳು ಮುಚ್ಚಳವನ್ನು ಒಮ್ಮೆಯೂ ತಿರುವಿ ನೋಡಿರಲಿಲ್ಲ.

ಚೀಲವನ್ನು ಸೀಗೆಪುಡಿ ಹಾಕಿ ಉಜ್ಜಿ ಒಗೆದೆ. ಬದನೆಕಾಯಿಯನ್ನು ತಿಪ್ಪೆಗೆ ಎಸೆದೆ. ಯಾರಿಗೂ ಹೇಳಲಿಲ್ಲ. ಮನೆಯವರಿಗೂ.

“ಅಲ್ಲಾ ಕಣೇ, ನಿನ್ ಮೀನು ಒಣಗಿದ್ ಯಾವಾಗ, ಅಡಗು ಮುಳುಗಿದ್ ಯಾವಾಗ?” ಎಂದು ಅವರೇ ಒಂದು ದಿನ ಕೇಳಿದರು. ನಾನು ಟೀವಿಯ ದನಿ ಜೋರು ಮಾಡಿದೆ.

ಆಗಲೂ ಹೇಳಬಹುದಿತ್ತು. ಮುಂದಿನ ಸಂತೆಯಲ್ಲಿ ಅವಳು ಹುಣಸೆಮರದ ಕೆಳಗೆ ಕೂತೇ ಇದ್ದಳು. ಗುಡ್ಡೆಗಳು ಹಾಕಿದ ಹಾಗೇ ಇದ್ದವು. ನಾನು ತರಕಾರಿ ಸಾಲಿನ ಹಿಂದಿನಿಂದ ಬಳಸಿಕೊಂಡು ಹೋದೆ. ಅಷ್ಟರಲ್ಲಿ ಶಾಲೆಯಲ್ಲಿ ನನ್ನನ್ನು ಹೊಗಳಿ, ಪ್ರಾರ್ಥನೆಯ ಹೊತ್ತಿನಲ್ಲಿ ಎಣ್ಣೆ ಸೋರಿಕೆಯ ಬಗ್ಗೆ ಮಾತಾಡಿ ಎಂದಿದ್ದರು. ತಟ್ಟೆ, ನೀರು, ಒಂದು ಹನಿ ಆಯಿಲ್ — ಮಕ್ಕಳು ಕತ್ತು ಚಾಚಿ ನೋಡಿದರು. ಒಬ್ಬ ಹುಡುಗಿ ಕೈಯೆತ್ತಿದಳು: “ಮಿಸ್, ನಾವು ಚಿಕ್ಕತಾಯಮ್ಮನ ಮೀನು ತಿಂದಿದ್ವಿ. ಏನಾದ್ರೂ ಆಗುತ್ತಾ ಮಿಸ್?”

ಏನೂ ಆಗಲ್ಲಮ್ಮ, ಅದರಲ್ಲಿ ಎಣ್ಣೆ ಇರಲಿಲ್ಲ. ಇಷ್ಟು ಹೇಳಿದ್ದರೆ ಸಾಕಿತ್ತು. ನಾನು ಹೇಳಿದ್ದು — “ಹುಷಾರಾಗಿರೋದು ಒಳ್ಳೇದು.”

ಸಂತೆಯಲ್ಲಿ ಕೂಗಿದ್ದು ನನ್ನ ದಡ್ಡತನ. ಇದು ಹಾಗಲ್ಲ. ಇದನ್ನು ತಿಳಿದೇ ಹೇಳಿದೆ.

ಜನ ಅವಳನ್ನು ಎಣ್ಣೆಮೀನಮ್ಮ ಎಂದು ಕರೆಯತೊಡಗಿದರು. ಅವಳು ಮೀನನ್ನು ಗುಂಡಿ ತೋಡಿ ಹೂತಳೆಂದು ಯಾರೋ ಹೇಳಿದರು. ಅವಳು ಸಂತೆಗೆ ಬರುವುದು ನಿಂತು, ಹುಣಸೆಮರದ ಕೆಳಗಿನ ಜಾಗಕ್ಕೆ ಪ್ಲಾಸ್ಟಿಕ್ ಬಿಂದಿಗೆ ಮಾರುವವನೊಬ್ಬ ಬಂದ. ಟೀವಿಯವರು ಹಡಗನ್ನು ಮರೆತು ಬೇರೆ ಸುದ್ದಿಗೆ ಹೋದರು. ನಾನು ಮಾತ್ರ ಫೋನಿನಲ್ಲಿ ಹುಡುಕುತ್ತಲೇ ಇದ್ದೆ. ಆ ಎಣ್ಣೆ ಏನಾಯಿತು? ತಳಕ್ಕೆ ಇಳಿಯಿತೇ? ದಡಕ್ಕೆ ಬಂತೇ? ಅಲ್ಲಿ ಬಲೆ ಬೀಸುವವರ ಮನೆಗಳಲ್ಲಿ ಏನು ಮಾತಾಡಿಕೊಂಡರು? ಅವರ ಹೆದರಿಕೆಗೆ ಕಾರಣವಿತ್ತು. ಕಡಲು ಅವರ ಬಾಗಿಲಲ್ಲೇ ಇತ್ತು. ಅಂಥ ಹೆದರಿಕೆಗೆ ನಾನು ನನ್ನ ಚೀಲದ ನಾತವನ್ನು ಸಾಕ್ಷಿ ಮಾಡಿಬಿಟ್ಟಿದ್ದೆ. ನಾಳೆ ನಿಜವಾಗಿಯೂ ಕೆಟ್ಟ ಮೀನು ಬಂದು, ನಾನು ಕೂಗಿದರೆ — ನನ್ನ ಮಾತನ್ನು ನಾನೇ ನಂಬುತ್ತೇನೆಯೇ?

ಈ ವರ್ಷ ಚಿಕ್ಕತಾಯಮ್ಮ ಸಂತೆಗೆ ವಾಪಸು ಬಂದಿದ್ದಾಳೆ. ಸೊಪ್ಪು ಮಾರುತ್ತಾಳೆ, ಸಂತೆಯ ಕೊನೆಯಲ್ಲಿ, ಬಿಸಿಲಿನಲ್ಲಿ. ಕೆಲವು ಸಂತೆಗಳನ್ನು ದೂರದಿಂದಲೇ ನೋಡಿ ಕಳೆದೆ. ಹೋದ ವಾರ ಗೋಣಿತಾಟಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಮೆಲ್ಲಗೆ, ಎಲ್ಲವನ್ನೂ ಹೇಳಿದೆ.

ಅವಳು ಸೊಪ್ಪಿಗೆ ನೀರು ಚಿಮುಕಿಸುವುದನ್ನು ನಿಲ್ಲಿಸಲಿಲ್ಲ.

“ಡೀಸೆಲ್ಲಾ?”

“ಹೂಂ.”

“ಗೊತ್ತಾಗಿದ್ ಯಾವಾಗ?”

ಈ ಪ್ರಶ್ನೆ ಬಾರದಿರಲಿ ಎಂದುಕೊಂಡಿದ್ದೆ. “ಮುಂದಿನ ಸಂತೆಗೆ ಮೊದಲೇ.”

ಅವಳ ಕೈ ನಿಂತಿತು. “ಮುಂದಿನ್ ಸಂತೇಗೂ ನಾನ್ ಬಂದಿದ್ನಲ್ಲಾ ಟೀಚರಮ್ಮ. ಬೆಳಿಗ್ಗಿಂದ ಬೈಗಾಗೋಗಂಟ ಅಲ್ಲೇ ಕುಂತಿದ್ನಲ್ಲಾ. ನೀವು ಬದ್ನೇಕಾಯ್ ಸಾಲಿನ್ ಇಂದ್ಗಡೆ ಓಗಿದ್ನೂ ಕಂಡೆ. ಪಾಪ, ಮಾತಾಡ್ಸೋಕೆ ಸಂಕೋಚ ಅಂದ್ಕೊಂಡಿದ್ದೆ.”

ತಪ್ಪಾಯಿತು ಎಂದೆ. ಅದು ಎಷ್ಟು ಚಿಕ್ಕ ಮಾತು ಎಂದು ಬಾಯಿಂದ ಹೊರಬಂದ ಮೇಲೆ ತಿಳಿಯಿತು.

“ನನ್ ಕಿವೀಲಿ ಯೋಳ್ಬುಟ್ರೆ ಏನ್ ಬಂತು? ಆವತ್ತು ಸಂತೆಗೆಲ್ಲಾ ಕೇಳಂಗ್ ಕೂಗಿದ್ರಿ. ಇದ್ನೂ ಅಂಗೇ ಕೂಗಿ. ನಮ್ಮವ್ವ ಕುಂತಿದ್ ಜಾಗ ಅದು. ಎಣ್ಣೆಮೀನಮ್ಮ ಅನ್ನೋ ಆ ಎಸ್ರು ಓಗ್ಲಿ ನಂಗೆ.”

ನಾನು ಎದ್ದು ನಿಂತೆ. ಸುತ್ತ ನನ್ನ ವಿದ್ಯಾರ್ಥಿಗಳ ತಾಯಂದಿರು, ಪರಿಚಯದ ಅಂಗಡಿಯವರು. ಕೂಗಲೆಂದು ಬಾಯಿ ತೆರೆದವಳು ಮತ್ತೆ ಕುಕ್ಕರುಗಾಲಲ್ಲಿ ಕೂತುಬಿಟ್ಟೆ. ಮುಂದಿನ ವಾರ ಎಂದೆ. ಅವಳು ನಂಬಿದಳೋ ಇಲ್ಲವೋ. ಸೊಪ್ಪಿಗೆ ಮತ್ತೆ ನೀರು ಚಿಮುಕಿಸುತ್ತ ಕೇಳಿದಳು:

“ಅದ್ ಸರಿ, ಕೊನೀಗೆ ಆ ಅಡಗಿನ ಎಣ್ಣೆ ಎಲ್ಗೋಯ್ತು?”

“ಗೊತ್ತಿಲ್ಲ ಚಿಕ್ಕತಾಯಮ್ಮ.”

ಬಹುಶಃ ಸಮುದ್ರದ ಬಗ್ಗೆ ನಾನು ಅವಳಿಗೆ ಹೇಳಿದ ಮೊದಲ ನಿಜ ಅದು.

ನಾಳೆ ಸಂತೆ. ಏನೇನಾಗಬಹುದೆಂದು ಈಗಾಗಲೇ ಶುರುವಾಗಿದೆ. ಜನ ನಗಬಹುದು. ಯಾರೋ ಫೋನಿನಲ್ಲಿ ಹಿಡಿದುಕೊಳ್ಳಬಹುದು — ಹಿಡಿದುಕೊಳ್ಳಲಿ, ಆತಗೂರಿಗೂ ಮದ್ದೂರಿಗೂ ಹೋಗಲಿ. ಆ ಹುಡುಗಿ ಈಗ ಎಲ್ಲಿ ಓದುತ್ತಿದ್ದಾಳೋ, ಅವಳಿಗೂ ತಲುಪಲಿ. ಮತ್ತೆ ಮುಂದಿನ ವಾರ ಎಂದುಬಿಟ್ಟರೆ ಎಂದು ಹೆದರಿಯೇ ಇದನ್ನು ಇಲ್ಲಿ ಬರೆದಿಟ್ಟಿದ್ದೇನೆ. ಕೂಗಲು ಆಗದಿದ್ದರೆ ಇದನ್ನು ಓದಿಯಾದರೂ ಹೇಳುತ್ತೇನೆ.

ಶಿಂಷಾ ಹೊಳೆಗೆ ಎಣ್ಣೆ ಬರಲಿಲ್ಲ. ಉಪ್ಪಿನಕಾಯಿ ಕೆಡಲಿಲ್ಲ. ಕಬ್ಬಿನ ಮೇಲೆ ಕರಿ ಮಳೆ ಸುರಿಯಲಿಲ್ಲ. ಆದದ್ದು ಇಷ್ಟು. ಹೋದ ವಾರ ಅವಳ ಮುಂದಿನಿಂದ ಹೊರಡುವ ಮುಂಚೆ ಒಂದು ಕಟ್ಟು ಕೊತ್ತಂಬರಿ ಕೇಳಿದೆ. ಚಿಕ್ಕತಾಯಮ್ಮ ಕಟ್ಟನ್ನು ಎತ್ತಿ, ನೀರು ಕೊಡವಿ, ನನ್ನ ಚೀಲಕ್ಕೆ ಹಾಕುವ ಮೊದಲು ಮೂಗಿನ ಹತ್ತಿರ ಹಿಡಿದು ಮೂಸಿದಳು. ನನ್ನ ಪಕ್ಕದವಳಿಗೆ ಕೊಟ್ಟ ಮೆಂತ್ಯದ ಕಟ್ಟನ್ನೂ ಮೂಸಿದಳು. ಅವಳು ಈಗ ಪ್ರತಿಯೊಂದು ಕಟ್ಟನ್ನೂ ಮೂಸಿಯೇ ಕೊಡುತ್ತಾಳೆ.