ಬಣ್ಣ ಹೋದ ನೀರು

ದೊಡ್ಡಬಳ್ಳಾಪುರದ ಬಟ್ಟೆ ಕಾರ್ಖಾನೆಯೊಂದರಲ್ಲಿ ಮುನಿಶಾಮಪ್ಪ ಹದಿನೆಂಟು ವರ್ಷ ನೂಲಿಗೆ ಬಣ್ಣ ಹಾಕಿದವನು. ಆಮೇಲಿನ ಮೂರು ವರ್ಷ ನೀರಿನಿಂದ ಬಣ್ಣ ತೆಗೆಯುವ ಕೆಲಸ. ದೇವನಹಳ್ಳಿಯಲ್ಲಿ ವಿಮಾನ ಇಳಿಯತೊಡಗಿದ ಮೇಲೆ ಕಾರ್ಖಾನೆಗೆ ಪರದೇಶದ ಗಿರಾಕಿಗಳು ಬರುವುದು ಹೆಚ್ಚಿತು. ಗೇಟಿನ ಪಕ್ಕದ ಕೆಂಪು ಕಾಲುವೆ ಅವರ ಕಣ್ಣಿಗೆ ಬೀಳಬಾರದಲ್ಲ! ಅಷ್ಟು ವರ್ಷ ಅದನ್ನೇ ನೋಡುತ್ತಿದ್ದ ಊರವರ ಕಣ್ಣು ಯಾರಿಗೆ ಬೇಕಿತ್ತು?

ಆ ಕಾಲುವೆ ಸೇರುತ್ತಿದ್ದದ್ದು ಮುನಿಶಾಮಪ್ಪನ ಊರಿನ ಕೆರೆಗೆ. ಬೆಳಿಗ್ಗೆ ದನ ಬಿಚ್ಚುವ ಮುಂಚೆ "ಇವತ್ತು ಯಾವ್ ಬಣ್ಣ?" ಎಂದು ಕೇಳುವುದು ಅಲ್ಲಿ ರೂಢಿ. ಕೆಂಪೋ ನೀಲಿಯೋ ಬಂದಿದ್ದರೆ ದನಗಳನ್ನು ಬೋರ್‌ವೆಲ್ ತೊಟ್ಟಿಗೆ ಅಟ್ಟುತ್ತಿದ್ದರು.

ಹಳೆಯ ವಿಧಾನದಲ್ಲಿ ಬಣ್ಣ ಪೂರ್ತಿ ಹೋಗುತ್ತಿರಲಿಲ್ಲ. ಅಕ್ಷತ ಎಂಬ ಸಂಶೋಧಕಿ ಕಾರ್ಖಾನೆಗೆ ಹೊಸ ಉಪಾಯ ತಂದಳು. ಸಾಸಿವೆಯಷ್ಟು ದಪ್ಪದ ಮಣಿಗಳು, ಅವುಗಳ ಮೈಗೆ ಕಣ್ಣಿಗೆ ಕಾಣದಷ್ಟು ಸಣ್ಣ ಬೆಳ್ಳಿಯ ಕಣಗಳು ಅಂಟಿಕೊಂಡಿರುತ್ತವೆ. ಬಣ್ಣದ ನೀರಿಗೆ ಒಂದು ಪುಡಿ ಬೆರೆಸಿ ಆ ಮಣಿಗಳ ಮೇಲೆ ಹಾಯಿಸಿದರೆ ಹತ್ತೇ ನಿಮಿಷಕ್ಕೆ ತಿಳಿನೀರು. ಮುನಿಶಾಮಪ್ಪ ಬೆರಗಾದ. ಆದರೆ ಒಮ್ಮೆ ಹಿಡಿದ ಬಣ್ಣ ಅಷ್ಟು ಸುಲಭವಾಗಿ ಬಿಡುವುದಿಲ್ಲವೆಂದು ಅವನಿಗಿಂತ ಚೆನ್ನಾಗಿ ಬಲ್ಲವರಾರು?

"ಬಣ್ಣ ಎಲ್ಲಿಗೋಯ್ತಮ್ಮ?"

"ಎಲ್ಲೂ ಹೋಗಿಲ್ಲಣ್ಣ, ಚೂರಾಗಿ ನೀರಲ್ಲೇ ಇದೆ. ಕೆಲವು ಚೂರು ಬಣ್ಣಕ್ಕಿಂತ ವಿಷ. ಎರಡನೇ ತೊಟ್ಟೀಲಿ ಗಾಳಿ ಊದಿ ಸಾಕೋ ಸೂಕ್ಷ್ಮಜೀವಿಗಳು ಅದನ್ನ ತಿಂದ್ಮೇಲೇ ಹೊರಗೆ ಬಿಡ್ಬೇಕು."

ಅವಳು ಹೋಗಿ ಒಂದು ತಿಂಗಳಿಗೇ ಮ್ಯಾನೇಜರ್ ಉಮಾಶಂಕರ್ ಆ ಎರಡನೇ ತೊಟ್ಟಿಗೆ ಗಾಳಿ ಊದುವ ಯಂತ್ರ ನಿಲ್ಲಿಸಿದ. ಕರೆಂಟು ದಂಡವಂತೆ. "ಬಣ್ಣ ಹೋಯ್ತಲ್ರೀ, ಇನ್ನೇನ್ ಬೇಕು? ನಿಮ್ಮೂರವ್ರಿಗೂ ಹೇಳಿ, ದನಕ್ಕೆ ಕುಡಿಸ್ಲಿ."

ಎಂಥ ನೀಚತನ! ವಿಷ ಬಿಡುವುದೂ ಅಲ್ಲದೆ, ಜನ ಅದನ್ನು ಗುರುತು ಹಿಡಿಯುತ್ತಿದ್ದ ಒಂದೇ ಒಂದು ಕುರುಹನ್ನೂ ಅಳಿಸಿ, ಕುಡಿಸಿ ಎನ್ನಲು ಊರಿನವನದೇ ಬಾಯಿ ಬೇಕಿತ್ತು ಈ ಮಹಾನುಭಾವನಿಗೆ. ಮುನಿಶಾಮಪ್ಪ ಹಾಗೆ ಹೇಳಲಿಲ್ಲ. ಹೇಳದಿದ್ದರೂ ತಿಳಿನೀರು ಕಂಡ ಜನ ತಾವಾಗಿಯೇ ದನ ಇಳಿಸಿದರು. ಬೇಡವೆಂದು ಇವನು ಗಂಟಲು ಹರಿದುಕೊಂಡರೆ ಅತ್ತಿಗೆ ಭಾಗ್ಯಮ್ಮ ನಕ್ಕಳು. "ಬಣ್ಣ ಎಲ್ಲೈತೆ, ತೋರ್ಸಪ್ಪ!"

ತೋರಿಸಿದ. ಮರುದಿನ ಬೆಳಿಗ್ಗೆ, ಬಿಳಿ ಪಂಚೆಗೆ ಹಾಕುವ ನೀಲಿಯನ್ನು ಬಾಟಲಿಗಟ್ಟಲೆ ತಂದು ಕಾಲುವೆಗೆ ಸುರಿದ. ಊರವರು ದನಗಳನ್ನು ಹಗ್ಗ ಹಿಡಿದು ಹಿಂದಕ್ಕೆಳೆದರು.

ಉಮಾಶಂಕರ್ ಓಡಿ ಬಂದ. "ತಲೆ ಕೆಟ್ಟಿದ್ಯೇನ್ರೀ? ಬಣ್ಣ ತೆಗಿಯೋಕಲ್ವಾ ನಿಮಗೆ ಸಂಬಳ?"

"ಯಂತ್ರ ಹಾಕ್ಸಿ ಸಾರ್, ನಿಲ್ಲಿಸ್ತೀನಿ."

ಯಂತ್ರ ಹಾಕಿಸಲಿಲ್ಲ. ಮುನಿಶಾಮಪ್ಪನನ್ನು ಕೆಲಸದಿಂದ ತೆಗೆದರು. ಕೈಗೆ ಕೊಟ್ಟ ಕಾಗದದಲ್ಲಿ ಕಾರಣವನ್ನೂ ಬರೆದಿದ್ದರು: ಕಾಲುವೆಯ ನೀರು ಕೆಡಿಸಿದ್ದಕ್ಕೆ.