ಅಧಿಕಾರಪತ್ರವಿಲ್ಲದ ದೂತರು

ಆ ಶನಿವಾರದ ಜಗಳವನ್ನು ನಾನು ಈವರೆಗೆ ಎರಡು ರೀತಿ ಹೇಳಿದ್ದೇನೆ. ಗೆಳತಿಯರಿಗೆ ಹೇಳುವಾಗ ಇಡೀ ತರಗತಿ ಸ್ತಬ್ಧವಾಗಿತ್ತು. ತಂಗಿಗೆ ಫೋನಿನಲ್ಲಿ ಹೇಳುವಾಗ ಮೇಷ್ಟ್ರ ಮುಖ ಕೆಂಪಾಗಿತ್ತು. ಎರಡೂ ಸುಳ್ಳು. ಹಿಂದೆ ಯಾರೋ ಕಿತ್ತಳೆ ಸುಲಿಯುತ್ತಿದ್ದರು, ಮೇಷ್ಟ್ರು ಕನ್ನಡಕ ಒರೆಸುತ್ತಿದ್ದರು. ದನಿ ಏರಿಸಿದವಳು ನಾನೊಬ್ಬಳೇ.

ಎರಡು ಸಾವಿರದ ಇಸವಿ ಕಳೆದ ಹೊಸತು. ಗಂಡ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ, ಎಜ್‌ಬಾಸ್ಟನ್ ಬಡಾವಣೆಯ ಆಸ್ಪತ್ರೆಯಲ್ಲಿ ಡಾಕ್ಟರು. ಧಾರವಾಡದ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದ ನಾನು ಹತ್ತು ವರ್ಷದಿಂದ ಬರೀ ಡಾಕ್ಟರ ಹೆಂಡತಿ. ಮತ್ತೆ ಕಲಿಸಬೇಕೆಂದು ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಅರೆಕಾಲಿಕ ಎಂ.ಎ.ಗೆ ಸೇರಿದ್ದೆ. ಪ್ರಬಂಧಕ್ಕೆ ಮೇಲಿನ ದರ್ಜೆ ಬಂದರೆ ಸಂಶೋಧನೆಗೆ ಸೀಟು, ಬಾರದಿದ್ದರೆ ಮತ್ತೆ ಅಡುಗೆಮನೆ. ದರ್ಜೆ ಕೊಡುವವರು ಅದೇ ಮೇಷ್ಟ್ರು, ಇಂಗ್ಲೆಂಡಿನವರೇ.

ನನ್ನ ವಿಷಯ, ಹತ್ತೊಂಬತ್ತನೆಯ ಶತಮಾನದ ಎಪ್ಪತ್ತರ ದಶಕದ ಆರಂಭದಲ್ಲಿ ಅಮೆರಿಕ, ಯುರೋಪುಗಳನ್ನು ಸುತ್ತಿದ ಜಪಾನಿನ ನಿಯೋಗ. ಜಪಾನಿನ ನೆಲದಲ್ಲಿ ಪರದೇಶಿಯೊಬ್ಬ ತಪ್ಪು ಮಾಡಿದರೆ ಜಪಾನಿನ ನ್ಯಾಯಾಲಯ ವಿಚಾರಿಸುವಂತಿರಲಿಲ್ಲ, ಆಮದಿನ ಸುಂಕವನ್ನು ಅವರೇ ನಿಗದಿ ಮಾಡುವಂತಿರಲಿಲ್ಲ. ಪಶ್ಚಿಮದ ದೇಶಗಳು ಹೇರಿದ್ದ ಅಂಥ ಒಪ್ಪಂದಗಳನ್ನು ಬದಲಿಸುವ ಮಾತೆತ್ತಲು ಹೊರಟವರು. ವಾಷಿಂಗ್ಟನ್ನಿನಲ್ಲಿ ಮಾತುಕತೆಗೆ ಕೂತಾಗ, ಸಹಿ ಹಾಕುವ ಪೂರ್ಣ ಅಧಿಕಾರಪತ್ರವೇ ಅವರ ಬಳಿ ಇಲ್ಲವೆಂದು ಗೊತ್ತಾಯಿತು. ಅದನ್ನು ತರಲು ಇಬ್ಬರು ಸಮುದ್ರ ದಾಟಿ ವಾಪಸು ಹೋದರು. ಅವರು ತರುವಷ್ಟರಲ್ಲಿ ತಿಂಗಳುಗಳು ಉರುಳಿ ಮಾತುಕತೆಯೇ ಮುರಿದಿತ್ತು. ಆಮೇಲೆ ಇಂಗ್ಲೆಂಡಿಗೆ ಬಂದು ಮ್ಯಾಂಚೆಸ್ಟರಿನ ಹತ್ತಿ ಗಿರಣಿ, ನಮ್ಮ ಬರ್ಮಿಂಗ್‌ಹ್ಯಾಮಿನ ಕಾರ್ಖಾನೆ, ಎಲ್ಲ ನೋಡಿದರು.

ಮೇಷ್ಟ್ರಿಗೆ ಈ ಕಥೆ ಇಷ್ಟ. ಅನುಭವವಿಲ್ಲದವರು ಎಡವಿದರು, ಇಲ್ಲಿನ ಯಂತ್ರಗಳ ಮುಂದೆ ನಿಂತು ಕಲಿತರು, ಪಾಸಾಗಿ ಹೋದರು. ನನ್ನ ಮೂರನೆಯ ಅಧ್ಯಾಯದ ಕೊನೆಯಲ್ಲಿ ಬೇರೊಂದು ಸಾಲಿತ್ತು: ಅಧಿಕಾರಪತ್ರ ಮೊದಲ ದಿನವೇ ಕೈಯಲ್ಲಿದ್ದರೂ ಅವರಿಗೆ ಏನೂ ಸಿಗುತ್ತಿರಲಿಲ್ಲ.

ಈ ಸಾಲು ಎಲ್ಲಿಂದ ಬಂತು? ಆ ತಿಂಗಳು ಮನೆಯ ಫೋನ್ ಕೆಟ್ಟಿತ್ತು. ಪಕ್ಕದ ಮನೆಯಿಂದ ಕಂಪನಿಗೆ ಮಾತಾಡಿದರೆ, ಲೈನು ನಿಮ್ಮ ಹೆಸರಿನಲ್ಲಿಲ್ಲ, ಯಜಮಾನರ ಸಹಿ ಬೇಕು ಎಂದರು. ಸಹಿ ಕಳಿಸಿದೆ. ಅದು ಈ ವಿಭಾಗದ ಕೆಲಸವಲ್ಲ ಎಂದರು. ಅಲ್ಲಿಂದಲೇ ನನಗೆ ಹೊಳೆದದ್ದು ಎಂದು ಹೇಳಿಕೊಂಡರೆ ಚೆಂದ. ಆದರೆ ಹಳೆಯ ಕರಡು ತೆಗೆದು ನೋಡಿದೆ, ಫೋನ್ ಕೆಡುವ ಮುಂಚೆಯೇ ಆ ಸಾಲು ಅಲ್ಲಿದೆ. ಹಾಗಾಗಿ ಫೋನಿಗೆ ಆ ಶ್ರೇಯ ಕೊಡಲಾರೆ.

ಶನಿವಾರ ಬೆಳಿಗ್ಗೆ ಮೇಷ್ಟ್ರು ಆ ಸಾಲಿನ ಕೆಳಗೆ ಪೆನ್ಸಿಲ್ ಇಟ್ಟರು. ಅವರ ಇಂಗ್ಲಿಷನ್ನು ಕನ್ನಡಕ್ಕೆ ತರುವಾಗ ಅವರು ಸ್ವಲ್ಪ ಗಡುಸಾಗಿದ್ದರೆ ತಪ್ಪು ನನ್ನದು.

"ಇದು ಊಹೆ. ಇದನ್ನು ತೆಗೆಯಿರಿ. ಉಳಿದದ್ದೆಲ್ಲ ಬಹಳ ಚೆನ್ನಾಗಿದೆ."

"ಊಹೆ ಅಲ್ಲ, ಸಾರ್. ಲಂಡನ್ನಿಗೆ ಬರುವಾಗ ಪತ್ರ ಅವರ ಕೈಯಲ್ಲಿತ್ತಲ್ಲ. ಆಗ ನೀವು ಕೊಟ್ಟದ್ದೇನು?"

"ನಾನೇ?" ಅವರು ನಕ್ಕರು. "ನಾನಿನ್ನೂ ಹುಟ್ಟಿರಲಿಲ್ಲ."

ಎಲ್ಲರೂ ನಕ್ಕರು. ನಾನು ನಗಲಿಲ್ಲ. "ಕಾರ್ಖಾನೆ ತೋರಿಸಿದಿರಿ. ಅವರು ಕೇಳಿದ್ದು ಕಾರ್ಖಾನೆಯನ್ನಲ್ಲ. ಒಪ್ಪಂದ ಬದಲಾಗಲು ಇನ್ನೂ ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಹಿಡಿಯಿತು. ಕಾಗದ ಮರೆತದ್ದೇ ಕಾರಣ ಅಂದರೆ, ಕೊಡದವರು ಸುಮ್ಮನೆ ಪಾರಾಗುತ್ತಾರೆ."

"ಈ ಸಾಲು ಇದ್ದರೆ ಮೇಲಿನ ದರ್ಜೆ ಕಷ್ಟ," ಎಂದರು ಅವರು, ಮೆತ್ತಗೆ. ಬೆದರಿಕೆಯಲ್ಲ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಅದೇ ಇನ್ನಷ್ಟು ರೇಗಿಸಿತು.

ಮನೆಯಲ್ಲಿ ಗಂಡ ಆಸ್ಪತ್ರೆಯ ಮುಂದಿನ ವಾರದ ಡ್ಯೂಟಿ ಪಟ್ಟಿ, ಅಂದರೆ ರೋಟಾ, ನೋಡುತ್ತಾ ಕೂತಿದ್ದರು.

"ಒಂದ್ ಸಾಲಿಗ್ಯಾಕ ಇಷ್ಟ್ ರಂಪ ಮಾಡ್ತಿ? ತಗದ ಹಾಕು. ಸೀಟ್ ಸಿಕ್ಕಮ್ಯಾಲೆ ಏನರ ಬರಕೋ."

"ನೀವು ಹಂಗ ಮಾಡೀರಲ್ಲ. ಆಸ್ಪತ್ರ್ಯಾಗ ನಡಿಯೋ ಅನ್ಯಾಯದ ಬಗ್ಗೆ, ದೊಡ್ಡ ಹುದ್ದೆಗೆ ಏರಿ ಕನ್ಸಲ್ಟಂಟ್ ಆದಮ್ಯಾಲೆ ಮಾತಾಡ್ತೀನಿ ಅಂದ್ರಿ. ಆದ್ರಿ. ಮಾತಾಡಿದ್ರೇನು?"

ಅವರು ರೋಟಾ ಮಡಚಿದರು. "ಭಾರೀ ಮಾತ್ ಕಲ್ತೀ ಬಿಡು," ಎಂದು ಚಹಾ ಮಾಡಲು ಎದ್ದರು. ಎರಡು ಕಪ್ ತಂದದ್ದು ನೆನಪಿದೆ. ಅದು ಸೋಲೋ ಸಂಧಾನವೋ, ಈಗಲೂ ಗೊತ್ತಿಲ್ಲ.

ಸಾಲನ್ನು ತೆಗೆಯಲಿಲ್ಲ. ಅದರ ಕೆಳಗೆ ಲಂಡನ್ನಿನ ಮಾತುಕತೆಯ ಬಗ್ಗೆ ಇನ್ನೂ ಎರಡು ಪುಟ ಸೇರಿಸಿ ಸಲ್ಲಿಸಿದೆ.

ಬೇಸಿಗೆಯಲ್ಲಿ ಫಲಿತಾಂಶ ಬಂತು. ಪಾಸು. ಆದರೆ ಸೀಟಿಗೆ ಬೇಕಾದ ದರ್ಜೆಯಲ್ಲ. ಜೊತೆಗಿದ್ದ ಟಿಪ್ಪಣಿಯಲ್ಲಿ ಮೇಷ್ಟ್ರು, ಬರವಣಿಗೆಗೆ ಧೈರ್ಯವಿದೆ, ಸಂಯಮವಿಲ್ಲ ಎಂದು ಬರೆದಿದ್ದರು. ಮುದ್ದಾದ ಅಕ್ಷರ. ನಾನು ಅತ್ತೆನೆಂದು ಗಂಡ ಹೇಳುತ್ತಾರೆ. ಅಳಲಿಲ್ಲವೆಂದು ನಾನು ಹೇಳುತ್ತೇನೆ.

"ಈಗೇನ್ ಮಾಡ್ತಿ?" ಎಂದು ಕೇಳಿದರು.

"ಲೀಡ್ಸ್ ಯೂನಿವರ್ಸಿಟಿಗೆ ಅರ್ಜಿ ಹಾಕ್ತೀನಿ."

"ಇದ ಅಧ್ಯಾಯ ಕಳಸಾಕಿ ಏನು?"

"ಇದನ್ನ."

ಪೂರ್ತಿ ಇದನ್ನೇ ಅಲ್ಲ. ಆ ವಾರ ಕೂತು ಅಧ್ಯಾಯವನ್ನು ಮತ್ತೆ ಬರೆದೆ. ಕೊನೆಯಲ್ಲಿದ್ದ ಸಾಲನ್ನು ಅಲ್ಲಿಂದ ತೆಗೆದು ಮೊದಲ ಪುಟದ ಮೊದಲ ಸಾಲಾಗಿ ಇಟ್ಟೆ. ಓದುವವರು ಬೇಡವೆನ್ನುವುದಿದ್ದರೆ ಅಲ್ಲಿಯೇ ಹೇಳಿಬಿಡಲಿ.